ಮೇಣದ ಪಾಲು

ಲುಜೆಂಡಾ ಹೊಳೆಯ ಆಚೆ ದಡ, ಇಬ್ಬನಿ ಆರುವ ಮೊದಲು
ನಾಲಿಗೆ ನಡುಗಿಸಿ ಒಂದು ಸದ್ದು ಮಾಡುತ್ತೇನೆ:
ಬ್ರ್ರ್ರ್... ಹ್ಮ್.
ಇದು ಮಾತಲ್ಲ. ನಮ್ಮ ಯಾವೊ ನುಡಿಯಲ್ಲಿ ಇದಕ್ಕೆ ಅರ್ಥವಿಲ್ಲ.
ಮಾವ ಸಲಂಜೆ ಕಲಿಸಿದ್ದು, ಅವನಿಗೆ ಅವನ ಸೋದರಮಾವ;
ನಮ್ಮಲ್ಲಿ ಅಪ್ಪನಿಂದ ಮೂಗು ಬರುತ್ತದೆ,
ಮಾವನಿಂದ ಕೊಡಲಿ ಮತ್ತು ಈ ಸದ್ದು.
ಏಳು ವರ್ಷದವನಿದ್ದಾಗ ನಾನು ಕೂಗಿದರೆ
ಮೇಕೆಯೊಂದು ತಿರುಗಿ ನೋಡಿತ್ತು, ಅಷ್ಟೇ.

ಈಗ ಸೇಗೊ ಬರುತ್ತದೆ.
ಬೂದು ಮೈ, ಗುಬ್ಬಿಗಿಂತ ತುಸು ದೊಡ್ಡದು,
ಹಾಡಲು ಬಾರದು; ಬೆಂಕಿಪೊಟ್ಟಣ ಅಲ್ಲಾಡಿಸಿದಂತೆ
ಚರಚರ ಚರಚರ ಕೊಂಬೆಯಿಂದ ಕೊಂಬೆಗೆ,
ನಾನು ಎಡವಿದರೆ ಕಾದು,
ಉಚ್ಚೆಗೆ ನಿಂತರೆ ಬೈದು.

ಅದಕ್ಕೆ ಗೂಡು ಗೊತ್ತು, ಕೊಡಲಿ ಇಲ್ಲ.
ನನಗೆ ಕೊಡಲಿ ಇದೆ, ಬೆಂಕಿ ಇದೆ, ಕಣ್ಣು ಸಾಲದು.
ಹೊಗೆ ಹಾಕಿ ಪೊಟರೆ ಸೀಳಿದರೆ
ತುಪ್ಪ ನನಗೆ, ಹಸಿ ಎಲೆಯ ಮೇಲೆ ಮೇಣ ಅದಕ್ಕೆ.
ಮೇಣ ಅರಗಿಸುವ ಹೊಟ್ಟೆ ಇನ್ನಾರಿಗಿದೆ?
ನನ್ನ ಕಸ ಅದರ ಹಬ್ಬ.

ಮೊದಲು ಯಾರು ಯಾರನ್ನು ನಂಬಿದರು?
ಹುಬ್ಬು ಮುಂಚಾಚಿದ, ಇನ್ನೂ ಹೆಸರಿಲ್ಲದ ಯಾವನೋ
ಗದ್ದಲ ತಾಳಲಾರದೆ ಹಕ್ಕಿಯ ಹಿಂದೆ ನಡೆದಿರಬೇಕು.
ತಿಂದು ಉಗುಳಿದ ಮೇಣ ನೆಲಕ್ಕೆ ಬಿತ್ತು.
ಕೊಟ್ಟದ್ದಲ್ಲ, ಬಿದ್ದದ್ದು.
ಬಿದ್ದದ್ದು ಯಾವಾಗ ಕೊಟ್ಟದ್ದಾಯಿತು?

ಹಕ್ಕಿಗಳ ಲೆಕ್ಕ ಬರೆಯಲು ಬಂದವರನ್ನು ಕೇಳಿದೆ.
ಅವರು ನನಗೊಂದು ಪುಸ್ತಕ ಕೊಟ್ಟರು:
ಎಷ್ಟು ಸಲ ಕೂಗಿದೆ, ಎಷ್ಟು ಸಲ ಬಂತು.
ದಿನಗೂಲಿಗೆ ಗೆಳೆತನವನ್ನು ಗೆರೆ ಹಾಕಿ ಬರೆದೆ.

ಆ ಬಿಲವನ್ನು ತೋರಿಸಿದವರೂ ಅವರೇ.
ನೆಲದೊಳಗೆ ಕಳ್ಳಿಪೀರದ ಗೂಡು,
ದಾರಕ್ಕೆ ಕಟ್ಟಿ ಇಳಿಬಿಟ್ಟ ಕ್ಯಾಮೆರಾ.
ಕಣ್ಣು ಬಿಡದ, ರೆಕ್ಕೆ ಮೂಡದ ಸೇಗೊ ಮರಿ;
ಕೊಕ್ಕಿನ ತುದಿಗೆ ಎರಡು ಕೊಕ್ಕೆ.
ಕತ್ತಲಲ್ಲಿ ತಡವಿ ತಡವಿ
ಆ ಮನೆಯ ಮರಿಗಳನ್ನು ಕಚ್ಚಿ, ಒದರಿ,
ದಣಿದು ಮಲಗಿ,
ಎದ್ದು ಮತ್ತೆ ಕಚ್ಚಿ.
ಕಳ್ಳಿಪೀರ ತುತ್ತು ತಂದಳು.
ಅದು ಬಾಯಿ ತೆರೆಯಿತು.

ಅಂದು ರಾತ್ರಿ ನನಗೆ ಊಟ ಇಳಿಯಲಿಲ್ಲ.
ಹುಟ್ಟುಗುಣ ಸುಟ್ಟರೂ ಹೋಗದು, ಅಂದೆ;
ಇದರ ಹಿಂದೆಯೇ ಮಾವ ನಾವು ಇಷ್ಟು ವರ್ಷ ನಡೆದದ್ದು?

ಮಾವ ಹೊಗೆಸೊಪ್ಪು ತಿಕ್ಕುತ್ತಿದ್ದ.
"ನಿನ್ನಮ್ಮ ಅಬಿಬಾ ಹುಟ್ಟಿದಾಗ ನನಗೆ ಮೂರು ವರ್ಷ.
ಅವಳ ಬಾಯಿಗೆ ಬೂದಿ ತುರುಕಿದ್ದೆ.
ಅಜ್ಜಿ ಬೆರಳು ಹಾಕಿ ತೆಗೆದಳು, ಇಲ್ಲದಿದ್ದರೆ ನೀನಿಲ್ಲ."
ಉಗುಳಿದ.
"ಯುದ್ಧದ ವರ್ಷ ರೊವುಮಾ ದಾಟುವಾಗ
ಅವಳನ್ನು ಹೊತ್ತದ್ದೂ ನಾನೇ. ಮೊಸಳೆ ಇತ್ತು.
ಕೊಕ್ಕೆ ಏನಾಗುತ್ತದಂತೆ?"
ಹದಿನೈದು ದಿನಕ್ಕೆ ಉದುರುತ್ತದಂತೆ, ಅಂದೆ.
"ಹೂಂ," ಎಂದು ಬೆಂಕಿ ಕೆದಕಿದ.

ಒಂದು ಸಂಗತಿ ಪುಸ್ತಕದಲ್ಲಿ ಬರೆದಿಲ್ಲ.
ಆನೆಗಳು ಜೋಳ ತುಳಿದ ವರ್ಷ
ಮೇಣವನ್ನೂ ಬಿಡದೆ ಬಳಿದು ತಂದು
ಲಿಶಿಂಗಾದ ಮೇಣದಬತ್ತಿಯವನಿಗೆ ಮಾರಿದೆ.
ಸೇಗೊ ಬರಿದಾದ ಪೊಟರೆಯ ಮೇಲೆ ಕೂತು ನೋಡಿತು.
ಬೈಯಲಿಲ್ಲ.

ಮೋಸಗಾರನನ್ನು ಅದು ಮರುಸಲ
ಸಿಂಹದ ಬಳಿಗೆ ಕರೆದೊಯ್ಯುತ್ತದೆ ಅನ್ನುತ್ತಾರೆ ಅಜ್ಜಿಯರು.
ಹಾಗೇನಿಲ್ಲ, ಅನ್ನುತ್ತಾರೆ ಲೆಕ್ಕದವರು.
ಮೂರು ದಿನ ಬಿಟ್ಟು ಕೂಗಿದೆ. ಬಂತು.
ಅದೇನೋ, ಬೇರೆಯದೋ;
ನನಗೆ ಗುರುತು ಸಿಗದು, ಅದಕ್ಕೆ ಸಿಗುತ್ತದೋ ತಿಳಿಯದು.
ಪೊದೆ ಪೊದೆಗೂ ಎದೆ ಹೊಡೆದುಕೊಳ್ಳುತ್ತ ಹಿಂದೆ ಹೋದೆ.
ಸಿಂಹ ಸಿಕ್ಕಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು.
ಸಿಕ್ಕಿದ್ದು ಗೂಡು, ನನ್ನ ತೋಳಿನಷ್ಟು ಉದ್ದದ ಎರಿಗಳು.

ಅಂದಿನಿಂದ
ಮೇಣ ಇಡಲು
ಸ್ವಲ್ಪ ದೊಡ್ಡ ಎಲೆಯನ್ನೇ ಕೀಳುತ್ತೇನೆ.